ಸಕ್ಕರೆ ಆರುವ ಮೊದಲು

ಕರೆಂಟಿನ ಗಾಜಿನ ಒಲೆ ಆರಿಸಿ ಆಗಲೇ ಸಾಕಷ್ಟು ಹೊತ್ತಾಗಿತ್ತು, ಆದರೂ ಗಾಜಿನ ಅಂಚಿನಲ್ಲಿ, ಬಿಸಿ ಇನ್ನೂ ಇದೆ ಎನ್ನುವ ಆ ಕೆಂಪು ಚುಕ್ಕೆ ಉರಿಯುತ್ತಲೇ ಇತ್ತು. ಅವಳು ಚಹಾದ ಲೋಟ ಹಿಡಿದುಕೊಂಡು ಅದನ್ನೇ ನೋಡುತ್ತ ನಿಂತಳು. ಹಾಲು ಕಾಯಿಸಿದ ಜಾಗ ಯಾವುದು, ಕಾಯಿಸದ ಜಾಗ ಯಾವುದು ಎಂದು ಹೇಳುವಂತೆಯೇ ಇರಲಿಲ್ಲ. ಅಷ್ಟಗಲವೂ ಒಂದೇ ಕಪ್ಪು, ಒಂದೇ ನುಣುಪು. ಬಗ್ಗಿದರೆ ತನ್ನ ಮುಖ, ಮುಖದ ಹಿಂದೆ ಕಪಾಟಿನ ಬಾಗಿಲು. ಹಳೆಯ ಮನೆಯಲ್ಲಿದ್ದ ಗ್ಯಾಸ್ ಒಲೆ ಪಾಪ, ಉರಿಯುವಾಗ ಉರಿಯುತ್ತಿದ್ದೇನೆ ಎನ್ನುತ್ತಿತ್ತು, ಆರಿದಾಗ ಆರಿದ್ದೇನೆ ಎನ್ನುತ್ತಿತ್ತು. ಇದರ ಶಾಖ ಆರಿಸಿದ ಮೇಲೆ ಎಲ್ಲಿ ಕೂತಿರುತ್ತದೆ? ಗಾಜಿನೊಳಗೋ, ಗಾಜಿನ ಕೆಳಗಿನ ಸುರುಳಿಯಲ್ಲೋ? ಹೋಗುವಾಗ ಅಂಚಿನಿಂದ ಹೋಗುತ್ತದೋ, ನಡುವಿನಿಂದಲೋ? ಇಂಥ ಪ್ರಶ್ನೆಗಳು ತನಗೆ ಈಗ ಯಾಕೆ ಹುಟ್ಟುತ್ತಿವೆ ಎಂದು ಅವಳಿಗೇ ಆಶ್ಚರ್ಯವಾಯಿತು. ನಡು ಮಧ್ಯಾಹ್ನ ಮನೆಯಲ್ಲಿದ್ದು ಅಭ್ಯಾಸವಿಲ್ಲದವಳಿಗೆ ಒಲೆಯೂ ಒಂದು ವಿಚಿತ್ರ ಪ್ರಾಣಿಯೇ. ತಲೆನೋವು ಎಂದು ಹೇಳಿ ಲ್ಯಾಬಿನಿಂದ ಬೇಗ ಬಂದಿದ್ದಳು, ತಲೆಯಂತೂ ಚೆನ್ನಾಗಿಯೇ ಇತ್ತು.

ಆಸ್ಪತ್ರೆಯ ಲ್ಯಾಬಿನಲ್ಲಿ ಅವಳ ಕೆಲಸ ರಕ್ತ ತೆಗೆಯುವುದು. ಎಲ್ಲರೂ ಸೂಜಿಯಕ್ಕ ಎನ್ನುತ್ತಿದ್ದರು. ದಪ್ಪ ತೋಳಿನವರು, ಒಣಗಿದ ಮುದುಕರು, ಕಿಮೋ ತೆಗೆದುಕೊಂಡು ನರವೆಲ್ಲ ಬತ್ತಿಹೋದವರು, ಇಂಥ ಯಾರ ಕೈಯಲ್ಲೇ ನರ ಸಿಗದಿದ್ದರೂ ಸೂಜಿಯಕ್ಕನನ್ನು ಕರೆಯಿರಿ ಎಂಬುದು ಅಲ್ಲಿನ ವಾಡಿಕೆ. ಅವಳು ಬಂದು, ಎಡಗೈಯ ತೋರುಬೆರಳನ್ನು ಮೊಣಕೈ ಮಡಿಕೆಯ ಮೇಲಿಟ್ಟು, ಬೇರೆಲ್ಲೋ ನೋಡುತ್ತ ಒಂದು ಕ್ಷಣ ಸುಮ್ಮನಿರುತ್ತಿದ್ದಳು. ಅಷ್ಟೇ. ಹುಡುಕುವುದು ಎಡ, ಚುಚ್ಚುವುದು ಬಲ. ಆದರೆ ಕೆಲವು ವಾರಗಳಿಂದ ಎಡಗೈಗೆ ಏನೋ ಆಗಿತ್ತು. ಗ್ಲೌಸಿನ ತಪ್ಪು ಎಂದುಕೊಂಡಳು, ಹೊಸದಾಗಿ ಬಂದವು ದಪ್ಪವಿದ್ದವು ನೋಡಿ. ಚಳಿಯ ತಪ್ಪು ಎಂದುಕೊಂಡಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವತ್ತು ಬೆಳಿಗ್ಗೆ ಶೌಚಾಲಯದ ಬಾಗಿಲು ಹಾಕಿಕೊಂಡು ಗ್ಲೌಸಿನ ತೋರುಬೆರಳಿನ ತುದಿಯನ್ನು ಕತ್ತರಿಯಿಂದ ಕತ್ತರಿಸಿಬಿಟ್ಟಿದ್ದಳು. ಹಾಗೆ ಮಾಡಬಾರದು ಎಂದು ಹೊಸಬರಿಗೆ ವರ್ಷವರ್ಷವೂ ಪಾಠ ಹೇಳುವವಳೇ ಅವಳು. ಆ ತೂತಿನಿಂದ ಹೊರಬಂದ ಬರಿಬೆರಳನ್ನು ಅಂಚೆ ಕಚೇರಿಯಿಂದ ನಿವೃತ್ತರಾದ ಹಿರಿಯರೊಬ್ಬರ ತೋಳಿನ ಮೇಲಿಟ್ಟರೆ, ಬೆರಳು ಮರದ ಚೂರಿನ ಹಾಗೆ ಸುಮ್ಮನೆ ಕೂತಿತ್ತು. ಅಂದಾಜಿನ ಮೇಲೆ ಚುಚ್ಚಿದಳು. ರಕ್ತ ಬರಲಿಲ್ಲ. ಮತ್ತೆ ಚುಚ್ಚಿದಳು. ಹಿರಿಯರು ತುಟಿ ಕಚ್ಚಿಕೊಂಡು, ಪರವಾಗಿಲ್ಲಮ್ಮ, ನನ್ನ ನರಾನೇ ಸರಿಯಿಲ್ಲ ಎಂದರು. ಆ ಮಾತು ಅವಳಿಗೆ ಬೈದದ್ದಕ್ಕಿಂತ ಹೆಚ್ಚಾಗಿ ನಾಟಿತು. ಪಕ್ಕದ ಕುರ್ಚಿಯ ಕಿರಿಯಳು ಎದ್ದು ಬಂದು ರಬ್ಬರ್ ಪಟ್ಟಿಯನ್ನು ಕೆಳಗೆ ಕಟ್ಟಿ, ಕೈಯ ಹಿಂಭಾಗದಲ್ಲಿ ಸಣ್ಣ ಸೂಜಿ ಹಾಕಿ ತೆಗೆದುಬಿಟ್ಟಳು. ವಾಪಸು ಹೋಗುವಾಗ ಆ ಹುಡುಗಿಯ ಕಣ್ಣು ಆ ಕತ್ತರಿಸಿದ ಗ್ಲೌಸಿನ ಮೇಲೆ ಬಿತ್ತು, ಆಮೇಲೆ ನೆಲದ ಮೇಲೆ. ಹುಡುಗಿ ತನ್ನ ಕುರ್ಚಿಗೆ ಹೋಗಿ ಮುಂದಿನವರನ್ನು ಕರೆದಳು. ಏನಾದರೂ ಹೇಳಿದ್ದರೆ ಚೆನ್ನಾಗಿತ್ತು.

ಹೊರಟು ಬಸ್ಸಿಗೆ ಕಾಯುತ್ತಿದ್ದಾಗ ಮಕ್ಕಳ ವಾರ್ಡಿನ ದೊಡ್ಡ ನರ್ಸಮ್ಮನ ಫೋನು. ತಿಂಗಳೂ ತುಂಬದ ಕೂಸೊಂದು ಬಂದಿದೆ, ನಮ್ಮವರು ಚುಚ್ಚಿ ಚುಚ್ಚಿ ಸಾಕಾಗಿದ್ದಾರೆ, ತಾಯಿ ಅಳ್ತಾ ಕೂತಿದಾಳೆ, ನಾಳೆ ಬೆಳಿಗ್ಗೆ ನೀವೇ ಬರಬೇಕು ಎಂದರು. ಬರ್ತೀನಿ ಎಂದಿದ್ದಳು. ನಾಲಿಗೆ ಹೇಳಿತು, ಅವಳು ಹೇಳಲಿಲ್ಲ. ಇಷ್ಟು ವರ್ಷ ಆ ಫೋನಿಗೆ ಬೇರೆ ಉತ್ತರ ಕೊಟ್ಟು ಗೊತ್ತಿದ್ದರೆ ತಾನೆ? ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಕಂಬಿ ತಣ್ಣಗಿದೆಯೋ ಬೆಚ್ಚಗಿದೆಯೋ ಎಂದು ಯೋಚಿಸಿದಳು, ಬಲಗೈಗೆ ತಿಳಿಯಿತು, ಎಡಗೈಯನ್ನು ಕೇಳುವ ಧೈರ್ಯ ಆಗಲಿಲ್ಲ. ಕೂಸಿನ ತೋಳು ಎಷ್ಟು ದಪ್ಪ ಇದ್ದೀತು, ತನ್ನ ಹೆಬ್ಬೆರಳಿನಷ್ಟು. ಅದರೊಳಗೆ ನೂಲಿನಷ್ಟು ಒಂದು ನರ. ಅಂದಾಜಿನ ಮೇಲೆ ಅಲ್ಲಿಗೆ ಸೂಜಿ ಇಳಿಸುವುದನ್ನು ನೆನೆದು ಎಡಗೈಯನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡಳು.

"ಆ ಒಲೇನ ಯಾಕೆ ಹಾಗೆ ದುರುಗುಟ್ಕೊಂಡು ನೋಡ್ತೀಯೆ, ಅದೇನು ಎದ್ದು ಓಡಿಹೋಗುತ್ತಾ?" ಎಂದರು ಅತ್ತೆ. ಊಟದ ಮೇಜಿನ ಮೇಲೆ ಕಿತ್ತಳೆ ಹಣ್ಣಿನ ರಾಶಿ ಹಾಕಿಕೊಂಡು ಸಿಪ್ಪೆ ಸುಲಿಯುತ್ತಿದ್ದರು. ಇವತ್ತು ಜಾಮ್ ಮಾಡುವ ದಿನ ಎಂದು ಬೆಳಿಗ್ಗೆಯೇ ಸಾರಿದ್ದರು. ವಿದ್ಯಾರ್ಥಿನಿಯರ ಹಾಸ್ಟೆಲ್ಲಿನ ಅಡುಗೆಮನೆಯನ್ನು ಬಹಳ ವರ್ಷ ಆಳಿದ ಹೆಂಗಸು. ಅವರ ಕೆಳಗೆ ಅಡುಗೆಯವರೂ ಇದ್ದರು, ಒಲೆಗಳೂ ಇದ್ದವು, ಎರಡೂ ಹೇಳಿದ ಮಾತು ಕೇಳುತ್ತಿದ್ದವು. ಈ ಫ್ಲ್ಯಾಟಿಗೆ ಬಂದಾಗ ಇಲ್ಲಿ ಗ್ಯಾಸಿಲ್ಲ, ಗಾಜಿನ ಒಲೆಯೇ ಗತಿ ಎಂದು ಮಗ ಹೇಳಿದ ದಿನ ಅತ್ತೆ ಊಟ ಬಿಟ್ಟಿದ್ದರು. ಮಾರನೆಯ ದಿನ ಒಲೆ ಕೂರಿಸಲು ಬಂದ ಮೆಕ್ಯಾನಿಕ್ಕನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು ಅವನ ಪ್ರಾಣ ಹಿಂಡಿದ್ದರು. ತಳ ಸಪಾಟಾದ ಪಾತ್ರೆಯನ್ನೇ ಯಾಕೆ ಇಡಬೇಕು? ಎಳೆದರೆ ಏನಾಗುತ್ತೆ? ಗೀರು ಬಿದ್ದರೆ ಒಡೆಯುತ್ತಾ? ಸಣ್ಣ ಬಿರುಕು ಕಂಡರೂ ಗೋಡೆಯ ಸ್ವಿಚ್ಚನ್ನೇ ಆರಿಸಬೇಕು ಅಂತೀಯಲ್ಲ, ಬಿರುಕಿನಿಂದ ನೀರಿಳಿದರೆ ಕರೆಂಟು ಹೊಡೆಯುತ್ತಾ? ಹುಡುಗ ಬೆವರು ಒರೆಸಿಕೊಂಡು ಎಲ್ಲಕ್ಕೂ ಉತ್ತರ ಕೊಟ್ಟು ಹೋದ. ಅವತ್ತಿನಿಂದ ಅತ್ತೆಗೆ ಆ ಒಲೆಯ ಮೇಲೆ ಏನೋ ಒಂದು ಮಮತೆ. ಉಬ್ಬು ತಳದ ಹಳೆಯ ಪಾತ್ರೆಗಳೆಲ್ಲ ಅಟ್ಟ ಸೇರಿದವು. ಪ್ಲಾಸ್ಟಿಕ್ ಮುಚ್ಚಳ ಒಲೆಯ ಹತ್ತಿರ ಸುಳಿಯುವಂತಿಲ್ಲ. ಪಾತ್ರೆ ತೊಳೆಯುವ ಪುಡಿ, ಕಬ್ಬಿಣದ ನಾರು ಎರಡಕ್ಕೂ ಬಹಿಷ್ಕಾರ. ಆರಿದ ಮೇಲೆ ಅದಕ್ಕೆಂದೇ ಇರುವ ಕ್ರೀಮು, ಮೆತ್ತನೆಯ ಬಟ್ಟೆ. ಮನೆಗೆ ಬಂದವರಿಗೆ ಕುಡಿಯಲು ಕೊಡುವ ಮೊದಲು ಒಲೆಯ ಪಾಠ. ಕೊನೆಗೆ ಅದಕ್ಕೊಂದು ಹೆಸರನ್ನೂ ಇಟ್ಟರು, ಗುಮ್ಮನಗುಸುಕ. ಒಳಗೇ ಸುಡ್ತಾ ಇರುತ್ತೆ, ಮೇಲೆ ನೋಡಿದರೆ ಸಾಧು. ಸೊಸೆ ಮದುವೆಯಾಗಿ ಬಂದ ಹೊಸತರಲ್ಲಿ ಅವಳನ್ನೂ ಅದೇ ಹೆಸರಿಂದ ಕರೆದಿದ್ದರು ಎಂಬುದು ಇಬ್ಬರಿಗೂ ನೆನಪಿತ್ತು, ಇಬ್ಬರೂ ಅದನ್ನು ಎತ್ತುತ್ತಿರಲಿಲ್ಲ.

ಹಣ್ಣು, ಸಕ್ಕರೆ ಎರಡೂ ಪಾತ್ರೆಗೆ ಬಿದ್ದು ಕುದಿಯಲು ಶುರುವಾದಾಗ ಅವಳು ಸೌಟು ಹಿಡಿದು ನಿಂತಳು. ಗಾಜಿನಡಿ ಕಾಯುವ ಪಕ್ಕದ ಉಂಗುರದ ಮೇಲೆ ಅತ್ತೆ ಅಗಲವಾದ ಪಾತ್ರೆಯಲ್ಲಿ ಜಾಮ್ ತುಂಬುವ ಬಾಟಲಿಗಳನ್ನು ನೀರಲ್ಲಿ ಕುದಿಸಿದರು. ಬಾಟಲಿಗಳು ಒಳಗೆ ಗಡಗಡ ಎನ್ನುತ್ತಿದ್ದವು. ಸೌಟು ಆಡಿಸುವುದು ಬಲಗೈ, ಎಡಗೈಗೆ ಕೆಲಸವಿಲ್ಲ. ಕೆಲಸವಿಲ್ಲದ ಕೈಯನ್ನು ನೋಡಿದಳು. ಚಂದದ ಕೈ. ಉಗುರು ಒಪ್ಪವಾಗಿ ಕತ್ತರಿಸಿದೆ, ಬಣ್ಣ ಆರೋಗ್ಯದ್ದು. ಈ ಕೈಯನ್ನು ನೋಡಿ ಯಾರು ತಾನೆ ಅನುಮಾನಪಟ್ಟಾರು? ಅಪ್ಪ ಅವಳ ಸಣ್ಣವಯಸ್ಸಿನಲ್ಲಿ ಚೀಲದೊಳಗೆ ಕೈಹಾಕಿಸಿ, ನೋಡದೆ ಹೇಳು ಇದು ಯಾವ ನಾಣ್ಯ ಎಂದು ಆಟ ಆಡಿಸುತ್ತಿದ್ದ, ಅವಳು ಸೋತದ್ದೇ ಇಲ್ಲ. ಆ ಗೆಲುವಿನ ಮೇಲೇ ಅಲ್ಲವೇ ಇಷ್ಟು ವರ್ಷ ಬದುಕಿದ್ದು. ನಾಳೆ ಬೆಳಿಗ್ಗೆ ಹೋಗಿ, ಇಲ್ಲಪ್ಪ ಈ ಕೂಸಿನದು ನಿಜವಾಗಿಯೂ ಕಷ್ಟ ಎಂದು ತಲೆಯಾಡಿಸಿ ಬಂದರಾಯಿತು, ಸೂಜಿಯಕ್ಕನಿಗೇ ಸಿಗಲಿಲ್ಲ ಅಂದಮೇಲೆ ಯಾರಿಗೆ ಸಿಕ್ಕೀತು ಎನ್ನುತ್ತಾರೆ. ಆದರೆ ತಲೆಯಾಡಿಸುವ ಮೊದಲು ಒಮ್ಮೆಯಾದರೂ ಚುಚ್ಚಬೇಕಲ್ಲ, ತಾಯಿ ನೋಡುತ್ತಿರುತ್ತಾಳೆ. ಒಮ್ಮೆ ಚುಚ್ಚಿದರೆ ಏನು ಮಹಾ? ಹೀಗೆ ಯೋಚಿಸಿದ್ದು ತಾನೇ ಎಂದು ಗೊತ್ತಾದಾಗ ಕೈಯ ಸೌಟು ನಿಂತುಹೋಯಿತು. ಅಷ್ಟರಲ್ಲಿ ಸಕ್ಕರೆ ಪಾಕ ನೊರೆಯುಕ್ಕಿ ಪಾತ್ರೆಯ ಕಂಠ ದಾಟಿ ಗಾಜಿನ ಮೇಲೆ ಹರಿಯಿತು.

ಬೇರೆ ಏನೇ ಚೆಲ್ಲಿದರೂ ಒಲೆ ಆರುವ ತನಕ ಕಾಯಬೇಕು, ಇದು ಮೆಕ್ಯಾನಿಕ್ಕನ ಮೊದಲ ಪಾಠ. ಸಕ್ಕರೆ ಒಂದು ಮಾತ್ರ ಅದಕ್ಕೆ ಹೊರತು. ಸಕ್ಕರೆ ಆರಿತೋ, ಗಾಜನ್ನು ಕಚ್ಚಿ ಹಿಡಿಯುತ್ತದೆ, ಆಮೇಲೆ ಕಿತ್ತರೆ ಗಾಜಿನ ಚೂರನ್ನೂ ಜೊತೆಗೇ ಕಿತ್ತುಕೊಂಡು ಬರುತ್ತದೆ, ಅಲ್ಲೊಂದು ಗುಳಿ ಉಳಿಯುತ್ತದೆ. ಅದನ್ನು ಬಿಸಿ ಇರುವಾಗಲೇ ಕೆರೆಯಬೇಕು. ಅವಳು ಎರಡೂ ಒಲೆ ಆರಿಸಿದಳು. ಅತ್ತೆ ಆಗಲೇ ಬಾಟಲಿಗಳ ಪಾತ್ರೆಯನ್ನು ಬಟ್ಟೆ ಹಿಡಿದು ಇಳಿಸಿ, ಜಾಮಿನ ಪಾತ್ರೆಯನ್ನೂ ಎತ್ತಿ ಕೆಳಗಿಟ್ಟು, ಬ್ಲೇಡು ಸಿಕ್ಕಿಸಿದ ಕೆರೆಯುವ ಹಿಡಿಯನ್ನು ಅವಳ ಕೈಗೆ ಕೊಟ್ಟರು. ಅವಳು ಬಲಗೈಗೆ ದಪ್ಪ ಕೈಗವಸು ತೊಟ್ಟು, ಬ್ಲೇಡನ್ನು ಓರೆಯಾಗಿ ಹಿಡಿದು, ಕುದಿಯುವ ಪಾಕವನ್ನು ಉಂಗುರದಿಂದ ಹೊರಕ್ಕೆ ತಳ್ಳಿದಳು. ಚೆನ್ನಾಗಿ ಬಂತು. ಪಾಕ ಬ್ಲೇಡಿನ ಮುಂದೆ ಮುದುಡಿಕೊಂಡು, ಕಂದು ರಿಬ್ಬನ್ನಿನ ಹಾಗೆ ಸುರುಳಿಯಾಗಿ, ತಣ್ಣನೆಯ ಅಂಚಿಗೆ ಬಂದು ಗಟ್ಟಿಯಾಗಿ ನಿಂತುಬಿಡುತ್ತಿತ್ತು. ಅದರ ಹಿಂದೆ ಗಾಜು ಕಪ್ಪಗೆ, ಹೊಸದಾಗಿ ಹೊಳೆಯುತ್ತಿತ್ತು. ಅವಳಿಗೆ ಎಷ್ಟೋ ಹೊತ್ತಿನ ಮೇಲೆ ಮನಸ್ಸು ಒಂದು ಕಡೆ ನಿಂತಿತು, ಇನ್ನೊಂದು ಸಲ, ಇನ್ನೊಂದು ಸಲ ಎಂದು ಮುಂದಕ್ಕೆ ಬಗ್ಗಿ, ಆನಿಕೆಗೆ ಎಡಗೈಯ ಬೆರಳ ತುದಿಗಳನ್ನು ಪಕ್ಕದಲ್ಲಿ ಊರಿದಳು. ಹೆಬ್ಬೆರಳು, ತೋರುಬೆರಳು, ನಡುಬೆರಳು. ಅತ್ತೆ ಏನು ಕೂಗಿದರೋ ತಿಳಿಯಲಿಲ್ಲ, ಅವಳ ಮಣಿಕಟ್ಟನ್ನು ಹಿಡಿದು ಎಳೆದ ರಭಸಕ್ಕೆ ಬ್ಲೇಡು ಕೆಳಗೆ ಬಿತ್ತು. ಬಾಟಲಿಗಳು ಕುದಿದ ಜಾಗದ ಮೇಲೆ ಅವಳು ಬೆರಳೂರಿದ್ದಳು. ಆ ಜಾಗದ ಕೆಂಪು ಚುಕ್ಕೆ ಕಣ್ಣೆದುರಿಗೇ ಉರಿಯುತ್ತಿತ್ತು.

ನಲ್ಲಿಯ ನೀರಿನ ಕೆಳಗೆ ಕೈ ಹಿಡಿದು ನಿಂತಳು. ಉಗುರಿನ ಕೆಳಗೆ ತುದಿಗಳು ಬೆಳ್ಳಗಾಗಿ, ಸುತ್ತ ಕೆಂಪಗಾಗುತ್ತಿದ್ದವು. ಅವಳು ಅದನ್ನು ಬೇರೆಯವರ ಕೈಯನ್ನು ನೋಡುವ ಹಾಗೆ ನೋಡಿದಳು, ಓಹೋ, ಹೀಗಾ ಎಂದು. ನೀರು ಬೀಳುವುದು ಕಾಣುತ್ತಿತ್ತು. ಕಿರುಬೆರಳಿಗೆ ಚಳಿಯಾಗುತ್ತಿತ್ತು. ಅತ್ತೆ ನಲ್ಲಿಯನ್ನು ನಿಲ್ಲಿಸಲು ಬಿಡಲಿಲ್ಲ, ಐಸು ಬೇಡ, ಪೇಸ್ಟು ಬೇಡ, ಬರೀ ನೀರು, ಸುಮ್ನೆ ನಿಂತ್ಕೋ ಎಂದು ಪಕ್ಕದಲ್ಲೇ ಕಾವಲು ನಿಂತರು. ತುಂಬಾ ಹೊತ್ತಾದ ಮೇಲೆ, ನೋವಾಯ್ತಾ ಎಂದು ಕೇಳಿದರು. ಆಯ್ತು ಅತ್ತೆ ಎಂದಳು ಅವಳು.

"ನೋಡು," ಎಂದರು ಅತ್ತೆ, "ನಮ್ಮ ಹಾಸ್ಟೆಲ್ಲಲ್ಲಿ ಎಷ್ಟು ಜನ ಕೈ ಸುಟ್ಕೊಂಡಿದಾರೋ ಲೆಕ್ಕ ಇಲ್ಲ. ಕಿರುಚ್ದೆ ಸುಟ್ಕೊಂಡೋರನ್ನ ನಾನು ಇವತ್ತೇ ನೋಡಿದ್ದು."

ಅತ್ತೆ, ಜಾಮು ಆರಿ ಹಾಳಾಗುತ್ತದೆ ಎಂದು ಗೊಣಗುತ್ತ ಒಲೆಯ ಕಡೆಗೆ ಹೋದರು. ಅವಳು ಬೆರಳಿಗೆ ತೆಳುವಾಗಿ ಬಟ್ಟೆ ಸುತ್ತಿ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿಕೊಂಡಳು. ಅಳು ಬರಬೇಕಿತ್ತು, ಬಂದದ್ದು ಕುತೂಹಲ. ನಾಚಿಕೆಗೆಟ್ಟ ಕುತೂಹಲ. ಬಟ್ಟೆ ಹೊಲಿಯುವ ಸೂಜಿಯೊಂದನ್ನು ತೆಗೆದು, ಮುಖ ಅತ್ತ ತಿರುಗಿಸಿ, ಮೊಂಡು ಕಡೆಯಿಂದ ಬೆರಳಿನ ಬುಡವನ್ನು ಮುಟ್ಟಿದಳು. ಗೊತ್ತಾದಲ್ಲಿ ಪೆನ್ನಿನಿಂದ ಚುಕ್ಕೆ, ಗೊತ್ತಾಗದಲ್ಲಿ ಏನೂ ಇಲ್ಲ. ಮೊದಲು ಹೆದರಿಕೆಯಿಂದ, ಆಮೇಲೆ ಆಸೆಯಿಂದ. ಕಿರುಬೆರಳಿನ ತುಂಬ ಚುಕ್ಕೆ ಬಿತ್ತು. ನಡುಬೆರಳು ಬರಿದು. ತೋರುಬೆರಳು ಬರಿದು, ಹೆಬ್ಬೆರಳಿನಲ್ಲಿ ಅಲ್ಲೊಂದು ಇಲ್ಲೊಂದು. ಉಂಗುರ ಬೆರಳಿಗೆ ಬಂದಾಗ ಅವಳು ಉಸಿರು ಹಿಡಿದಳು. ಅದರ ಒಂದು ಪಕ್ಕಕ್ಕೆ ಗೊತ್ತಾಗುತ್ತಿತ್ತು, ಇನ್ನೊಂದು ಪಕ್ಕಕ್ಕೆ ಇಲ್ಲ. ಒಂದೇ ಬೆರಳು, ನಡುವೆ ಗೆರೆ ಎಳೆದ ಹಾಗೆ, ಅತ್ತ ಕಡೆ ಜೀವ, ಇತ್ತ ಕಡೆ ಮರ. ರಕ್ತದ ನರವಲ್ಲ, ಕೈಗೆ ಸ್ಪರ್ಶ ತರುವ ನರ, ಅದರ ದಾರಿಗಳೇ ಬೇರೆ ಬೇರೆ ಎಂದು ತರಬೇತಿಯಲ್ಲಿ ಓದಿದ್ದು ಎಲ್ಲೋ ನೆನಪಾಯಿತು. ಮಣಿಕಟ್ಟಿನಲ್ಲಿ ಯಾವುದೋ ಒಂದು ಅಮುಕಿಕೊಂಡಿರಬೇಕು. ಡಾಕ್ಟರು ನೋಡಿ ಏನಾದರೂ ಮಾಡಿಯಾರು. ಮಾಡದೆಯೂ ಇದ್ದಾರು. ತನ್ನದೇ ಮೈಯಲ್ಲಿ ಇಂಥದೊಂದು ಗಡಿ ಇದೆ, ತಾನು ವಾರಗಟ್ಟಲೆ ಅದರ ಮೇಲೆ ಓಡಾಡಿದ್ದೇನೆ, ಗೊತ್ತೇ ಆಗಿಲ್ಲ ಎಂದು ಅವಳಿಗೆ ನಗು ಬಂತು. ನಗುವಿನ ನಡುವೆ ಆ ಅಂಚೆ ಕಚೇರಿಯ ಹಿರಿಯರ ತೋಳು ಕಣ್ಣಮುಂದೆ ಬಂತು, ಈ ಹೊತ್ತಿಗೆ ಅಲ್ಲಿ ನೀಲಿಗಟ್ಟಿರುತ್ತದೆ. ಗೊತ್ತೇ ಆಗಿಲ್ಲ ಎನ್ನುವುದು ಸುಳ್ಳು. ಗೊತ್ತಿಲ್ಲದವಳು ಗ್ಲೌಸು ಯಾಕೆ ಕತ್ತರಿಸುತ್ತಾಳೆ?

"ಅಂಗೈ ಹುಣ್ಣಿಗೆ ಕನ್ನಡಿ ಬೇಕೇನೇ?" ಅತ್ತೆ ಬಾಗಿಲಲ್ಲಿ ನಿಂತಿದ್ದರು. ಚುಕ್ಕೆ ಚುಕ್ಕೆಯ ಕೈಯನ್ನು ಅವಳು ಮುಚ್ಚಿಕೊಳ್ಳಲು ಹೋಗಲಿಲ್ಲ. ಅತ್ತೆ ಬಂದು ಪಕ್ಕಕ್ಕೆ ಸಣ್ಣ ಮೇಜು ಎಳೆದುಕೊಂಡು, ಕೈ ಒರೆಸುವ ಬಟ್ಟೆಯನ್ನು ಅದರ ಮೇಲೆ ಹಾಕಿ ಎದುರಿಗೆ ಕೂತರು, ಕೈಯನ್ನು ತಿರುಗಿಸಿ ಮುರುಗಿಸಿ ನೋಡಿದರು, ಚುಕ್ಕೆ ಅಂದರೇನು ಎಂದು ಕೇಳಿ ತಿಳಿದುಕೊಂಡರು, ಉಂಗುರ ಬೆರಳಿನ ಮೇಲೆ ತುಸು ಹೊತ್ತು ನಿಂತರು. ಮೆಕ್ಯಾನಿಕ್ಕನನ್ನು ಕಾಡಿದ್ದ ಅದೇ ಮುಖ. ಅವಳಿಗೆ ಇದ್ದಕ್ಕಿದ್ದಂತೆ ಎಲ್ಲ ಹೇಳಬೇಕೆನಿಸಿ ಹೇಳಿದಳು, ಹಿರಿಯರ ತೋಳು, ಕತ್ತರಿ, ನರ್ಸಮ್ಮನ ಫೋನು, ಕೂಸು. ಆದರೂ ಕೊನೆಗೆ, ಪೂರ್ತಿ ಹೋಗಿಲ್ಲ ಅತ್ತೆ, ಗಮನ ಇಟ್ಟು ಹುಡುಕಿದರೆ ಸಿಗುತ್ತೆ ಎಂದು ಸೇರಿಸಿದಳು. ಅದನ್ನು ಹೇಳುವಾಗ ನಂಬಿದ್ದಳು ಕೂಡ.

ಅತ್ತೆ ಸೆರಗು ಸರಿಸಿ ತೋಳು ಚಾಚಿದರು. "ಹಾಗಾದ್ರೆ ಕಣ್ಣು ಮುಚ್ಕೊಂಡು ನಂದು ಹುಡುಕು."

ಬೆರಳಿನ ಸುಟ್ಟ ತುದಿ ತಾಗದ ಹಾಗೆ ಅತ್ತೆಯೇ ಅವಳ ಮಣಿಕಟ್ಟನ್ನು ಹಿಡಿದು, ತೋರುಬೆರಳಿನ ಮೆತ್ತೆಯನ್ನು ಇಳಿಸಿದರು. ಅವಳು ಕಣ್ಣು ಮುಚ್ಚಿದಳು. ಈ ತೋಳು ಅವಳಿಗೆ ಬಾಯಿಪಾಠ. ತಿಂಗಳಿಗೊಮ್ಮೆ ಅತ್ತೆಯ ರಕ್ತ ತೆಗೆಯುವವಳು ಅವಳೇ, ಬೇರೆಯವರ ಕೈಗೆ ಅವರು ತೋಳು ಕೊಡುತ್ತಿರಲಿಲ್ಲ. ಮಡಿಕೆಯಿಂದ ತುಸು ಒಳಗೆ, ಓರೆಯಾಗಿ, ಜಾರುವ ನರ. ಅವಳು ಹುಡುಕಿದಳು. ಹೊರಗೆ ಯಾರೋ ಮೆಟ್ಟಿಲಿಳಿಯುವ ಸದ್ದು ಕೇಳಿಸಿತು, ಅಡುಗೆಮನೆಯಿಂದ ಕಿತ್ತಳೆಯ ವಾಸನೆ ಬರುತ್ತಿತ್ತು. ಬೆರಳನ್ನು ಅತ್ತ ಇತ್ತ ಆಡಿಸಿದಳು, ಅತ್ತೆಯ ಕೈ ಜೊತೆಗೇ ಬಂತು. ಎಲ್ಲೋ ಒಂದು ಕಡೆ ಸಣ್ಣಗೆ ಏನೋ ಉಬ್ಬಿದ ಹಾಗೆ, ಉದ್ದಕ್ಕೆ, ದುಂಡಗೆ ಸಿಕ್ಕಿತು. ಸಿಕ್ಕೇಬಿಟ್ಟಿತು. ಅವಳ ಎದೆ ಹಗುರಾಯಿತು.

"ಇಲ್ಲೇ ಇದೆ ಅತ್ತೆ, ಇದೇ," ಎಂದು ಕಣ್ಣು ತೆರೆದಳು.

ಬೆರಳು ಇದ್ದದ್ದು ಕೈ ಒರೆಸುವ ಬಟ್ಟೆಯ ಮಡಿಸಿ ಹೊಲಿದ ಅಂಚಿನ ಮೇಲೆ. ಬಟ್ಟೆ ಮೇಜಿನ ಮೇಲಿತ್ತು. ಅತ್ತೆ ತಮ್ಮ ತೋಳನ್ನು ಯಾವಾಗಲೋ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದರು. ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ, ಕಣ್ಣಲ್ಲಿ ನೀರಿತ್ತು. ಅವಳಿಗೆ ಸಿಟ್ಟು ಬಂತು, ಅತ್ತೆಯ ಮೇಲೆ, ಬಟ್ಟೆಯ ಮೇಲೆ, ಅದನ್ನು ಹೊಲಿದವರ ಮೇಲೆ. ಆ ಸಿಟ್ಟು ಬಂದಷ್ಟೇ ಬೇಗ ಇಳಿದುಹೋಯಿತು, ಕೆಳಗೆ ಬರೀ ದುಃಖವಿತ್ತು. ಅತ್ತೆಯ ಮಡಿಲಲ್ಲಿ ತಲೆಯಿಟ್ಟು ಅತ್ತಳು. ಅವರು ಅವಳ ಬೆನ್ನು ಸವರುತ್ತ, ಅಳು, ಅತ್ಕೋ, ಆಮೇಲೆ ಫೋನು ಮಾಡು, ನಾಳೆಗೆ ಇಡಬೇಡ ಎಂದರು.

ನರ್ಸಮ್ಮನಿಗೆ ಮಾಡಿದ ಫೋನು ಬೇಗ ಮುಗಿಯಿತು. ತನ್ನ ಬೆರಳಿಗೆ ಸ್ಪರ್ಶ ಹೋಗಿದೆ, ಕೂಸಿಗೆ ತಾನು ಸೂಜಿ ಹಾಕುವುದಿಲ್ಲ ಎಂದು ಹೇಳಿದಳು, ಅತ್ತ ಕಡೆಯಿಂದ, ಹೇಳಿದ್ದು ಒಳ್ಳೇದಾಯ್ತು, ಕೈ ತೋರಿಸಿಕೊಳ್ಳಿ ಎಂಬ ಮಾತು. ಕಷ್ಟವಾದದ್ದು ಎರಡನೆಯದು. ಲ್ಯಾಬಿನ ಕಿರಿಯಳು ಫೋನೆತ್ತಿ ಅಕ್ಕಾ ಎಂದಳು. ನಾಳೆ ಕೂಸಿಗೆ ನೀನು ಹಾಕಬೇಕು, ವಾರ್ಡಿನ ಡಾಕ್ಟರೂ ಇರ್ತಾರೆ, ನಾನು ಪಕ್ಕದಲ್ಲಿ ನಿಂತಿರ್ತೀನಿ, ಕೈ ಮುಟ್ಟಲ್ಲ ಎಂದಳು. ಯಾಕೆ ಎಂಬುದನ್ನೂ ಹೇಳಿದಳು. ಹುಡುಗಿ ಬೆಳಿಗ್ಗೆ ನೋಡಿದ್ದನ್ನು ಎತ್ತಲಿಲ್ಲ. ತನಗೆ ಕಾಣುವ ನರವಷ್ಟೇ ಗೊತ್ತು, ಕೂಸಿನ ಕೈಯಲ್ಲಿ ಏನು ಕಾಣುತ್ತೆ ಎಂದು ಗಾಬರಿಯಾದಳು. ಆಮೇಲೆ ಮೆಲ್ಲಗೆ, ನರ ಬೆರಳಿಗೆ ಸಿಕ್ಕಾಗ ಹೇಗಿರುತ್ತೆ ಅಕ್ಕಾ ಎಂದು ಕೇಳಿದಳು.

ಹೇಗಿರುತ್ತದೆ? ಅವಳಿಗೆ ಅದನ್ನು ಯಾವತ್ತೂ ಮಾತಿನಲ್ಲಿ ಹುಡುಕಬೇಕಾಗಿ ಬಂದಿರಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದಳು. ಅತ್ತೆ ಕೇಳದೆಯೇ ಮತ್ತೆ ತೋಳು ಚಾಚಿದರು. ಅವಳು ಬಲಗೈಯ ತೋರುಬೆರಳನ್ನು, ಇಷ್ಟು ವರ್ಷ ಸೂಜಿ ಹಿಡಿಯುವುದು ಬಿಟ್ಟು ಏನೂ ಕಲಿಯದ ಆ ಬೆರಳನ್ನು, ಮೊಣಕೈ ಮಡಿಕೆಯ ಮೇಲಿಟ್ಟಳು. ಚರ್ಮದ ಬಿಸಿ ತಿಳಿಯಿತು. ಅದರ ಕೆಳಗಿನದು ತಿಳಿಯಲಿಲ್ಲ.

"ನೀನೂ ನಿನ್ನ ಕೈ ಮೇಲೆ ಬೆರಳಿಡು," ಎಂದಳು. "ಒತ್ತಬೇಡ. ಒತ್ತಿದ್ರೆ ಅದು ಪಕ್ಕಕ್ಕೆ ಜಾರುತ್ತೆ. ಸುಮ್ನೆ ಇಟ್ಕೊಂಡಿರು. ಸ್ವಲ್ಪ ಹೊತ್ತಿಗೆ ಕೆಳಗಿಂದ ಅದೇ ನಿನ್ನ ಬೆರಳನ್ನ ಚೂರು ಮೇಲಕ್ಕೆತ್ತುತ್ತೆ."

ಇಬ್ಬರೂ ಕಾದರು. ಫೋನಿನಲ್ಲಿ ಹುಡುಗಿಯ ಉಸಿರಾಟ ಕೇಳಿಸುತ್ತಿತ್ತು.

"ನಂಗೆ ಸಿಗ್ತಿಲ್ಲ ಅಕ್ಕಾ."

"ನಂಗೂ ಸಿಗ್ತಿಲ್ಲ ಕಣೆ," ಎಂದಳು ಸೂಜಿಯಕ್ಕ. "ಬೆರಳು ತೆಗೀಬೇಡ."